ಲಾಭ ಸೇರಿ ಇಪ್ಪತ್ತನಾಲ್ಕು

ಆ ಊರಿಗೆ ಬಂದವರು ನೋಡಬೇಕಾದದ್ದು ನಾಲ್ಕೇ ನಾಲ್ಕು. ಕೋಟೆಯ ಹೆಬ್ಬಾಗಿಲು, ಅದರ ಮೇಲಿನ ಮೂತಿ ಮುರಿದ ಫಿರಂಗಿ, ಒಂದು ಪಕ್ಕಕ್ಕೆ ವಾಲಿದ ಗಡಿಯಾರದ ಗೋಪುರ, ಆಮೇಲೆ ನೆಲದಡಿಯ ಕಣಜ. ಬೆಳಗಿನ ಬಸ್ಸಿಗೆ ಇಳಿದವರು ಸಂಜೆಯ ಬಸ್ಸಿಗೆ ಹತ್ತಬಹುದು, ನಡುವೆ ಊಟಕ್ಕೂ ಒಂದು ನಿದ್ದೆಗೂ ಸಮಯ ಉಳಿಯುತ್ತಿತ್ತು. ಐದನೆಯದೊಂದನ್ನು ಊರಿನವರೇ ತಮಾಷೆಗೆ ಸೇರಿಸುತ್ತಿದ್ದರು. ಅದು ಬುರುಡೆ ಮೇಷ್ಟ್ರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತಾವೇ ಎಂಟನೇ ಕ್ಲಾಸಿಗೆ ಪುಸ್ತಕಕ್ಕೆ ಕೈಮುಗಿದವರು. ಮೂವತ್ತೊಂದು ವರ್ಷದಿಂದ ಪ್ರವಾಸಿಗರಿಗೆ ಊರು ತೋರಿಸುವ ಗೈಡು. ಎದೆಯ ಮೇಲೆ ಇಲಾಖೆಯ ಹಿತ್ತಾಳೆ ಬಿಲ್ಲೆ, ಕೈಯಲ್ಲಿ ಮೊಳದುದ್ದದ ಟಾರ್ಚು, ತಲೆಯ ಮೇಲೆ ಬಿಸಿಲು ತಿಂದು ಬಣ್ಣ ಕಳಕೊಂಡ ಟೋಪಿ. ಬಂದವರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ, 'ಏಯ್, ಗೋಡೆ ಮುಟ್ಟಬೇಡಿ, ಸಾಲಾಗಿ ಬನ್ನಿ' ಎಂದು ಗದರಿಸುತ್ತಿದ್ದರಿಂದ ಮೇಷ್ಟ್ರು ಎಂಬ ಹೆಸರು ಬಂತು. ಗದರಿಸಿದ ಮೇಲೆ ಹೇಳುತ್ತಿದ್ದದ್ದೆಲ್ಲ ಬುರುಡೆಯಾದ್ದರಿಂದ ಮುಂದಿನ ಬಿರುದನ್ನು ಊರೇ ಕೊಟ್ಟಿತು.

ಬುರುಡೆ ಅಂದರೆ ಸಾಮಾನ್ಯ ಬುರುಡೆಯಲ್ಲ. ಫಿರಂಗಿಯ ಮೂತಿ ಮುರಿದದ್ದು ಹೇಗೆ ಅಂದರೆ, ತೋಪು ಹಾರಿಸುವವನ ಹೆಂಡತಿ ಊಟಕ್ಕೆ ಕರೆದು ಕರೆದು ಸಾಕಾಗಿ ಒನಕೆ ತಂದು ಬಡಿದದ್ದು. ಗೋಪುರ ವಾಲಿದ್ದು ಯಾಕೆ ಅಂದರೆ, ಎದುರುಮನೆಯ ಕಿಟಕಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಹುಡುಗಿಯನ್ನು ಇಣುಕಿ ನೋಡಲು. ಪಕ್ಕದಲ್ಲೇ ಇಲಾಖೆಯ ಫಲಕ 'ಅಡಿಪಾಯ ಕುಸಿದ ಕಾರಣ' ಎಂದು ಸಪ್ಪೆಯಾಗಿ ಹೇಳುತ್ತಿತ್ತು. ಅದನ್ನು ಓದುವವರು ಯಾರು? ಒಬ್ಬ ಪ್ರೊಫೆಸರರು ಮಾತ್ರ ಓದಿ, ಕೆಂಡಾಮಂಡಲವಾಗಿ, ಇಲಾಖೆಗೆ ಮೂರು ಪುಟದ ದೂರು ಬರೆದಿದ್ದರು. ಮೇಷ್ಟ್ರಿಗೆ ಒಂದು ಎಚ್ಚರಿಕೆ ಪತ್ರ ಬಂತು. ಅದನ್ನು ಅವರು ಮನೆಯಲ್ಲಿ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಊರಿನಲ್ಲಿ ಯಾರಾದರೂ ನಂಬಲಾಗದ ಮಾತಾಡಿದರೆ 'ಇದು ಮೇಷ್ಟ್ರ ಅಂಗಡಿ ಮಾಲು' ಅನ್ನುವುದು ರೂಢಿಯಾಗಿತ್ತು. ಅದನ್ನು ಕೇಳಿ ಅವರಿಗೆ ಒಳಗೊಳಗೇ ಹಿಗ್ಗು.

ಒಂದು ವಿಷಯದಲ್ಲಿ ಮಾತ್ರ ಅವರು ಬುರುಡೆ ಬಿಡುತ್ತಿರಲಿಲ್ಲ. ಅದು ತಲೆ ಎಣಿಕೆ.

ಕಣಜಕ್ಕೆ ಎಪ್ಪತ್ತೆರಡು ಮೆಟ್ಟಿಲು. ಒಬ್ಬರ ಹಿಂದೆ ಒಬ್ಬರು ಇಳಿಯಬೇಕಾದ ಇಕ್ಕಟ್ಟು. ಕೆಳಗೆ ಹದಿನಾರು ಕಂಬಗಳ ಹಜಾರ, ಎಡಕ್ಕೆ ಒಂದು ಚಿಕ್ಕ ಕೋಣೆ, ಆ ಕೋಣೆಯ ನಡುವೆ ಹಿಂದಿನ ಕಾಲದವರು ಕಾಳು ತುಂಬುತ್ತಿದ್ದ ಆಳೆತ್ತರದ ಕುಳಿ. ಮೇಲೆ ಬಾಗಿಲು ಗೇಣು ದಪ್ಪದ ಮರ, ಅದಕ್ಕೆ ಕಬ್ಬಿಣದ ಪಟ್ಟಿ. ಅದನ್ನು ಮುಚ್ಚಿದರೆ ಒಳಗೆ ಡೋಲು ಬಾರಿಸಿದರೂ ಹೊರಗೆ ಕೇಳದು. ಹಾಗಾಗಿ ಪ್ರತಿ ತಂಡ ಹೊರಬಂದಾಗಲೂ ಮೇಷ್ಟ್ರು ಬಾಗಿಲ ಬಳಿ ನಿಂತು ಎಣಿಸುತ್ತಿದ್ದರು. ಎಣಿಸುವ ರೀತಿಯೂ ಅವರದೇ. ಅವರ ಅಜ್ಜ ಸಂತೆಯಲ್ಲಿ ಕಾಳು ಅಳೆಯುತ್ತಿದ್ದವರು. ಅಳೆಯುವವರು ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು ಎಂದು ಮುಂದಕ್ಕೆ ಹೋಗುತ್ತಾರೆ. ಮೇಷ್ಟ್ರು ತಮ್ಮ ಎದೆಯ ಬಿಲ್ಲೆಯನ್ನು ಮುಟ್ಟಿಕೊಂಡು 'ಲಾಭ' ಎಂದು ತಮ್ಮಿಂದಲೇ ಶುರುಮಾಡಿ, ಹೊರಬರುವ ಮೊದಲನೆಯವರಿಗೆ 'ಎರಡು' ಅನ್ನುತ್ತಿದ್ದರು. ಪ್ರವಾಸಿಗರು ನಗುತ್ತಿದ್ದರು. 'ನಗಿ, ನಗಿ. ಕಣಜದಿಂದ ಕಾಳು ಹೊರಗೆ ತೆಗೀತಿದೀನಿ, ಒಂದೂ ಉದುರಬಾರದು' ಅನ್ನುತ್ತಿದ್ದರು ಮೇಷ್ಟ್ರು.

ಈ ಲೆಕ್ಕದ ಗುಟ್ಟು ಇನ್ನೊಬ್ಬರಿಗೆ ಗೊತ್ತಿತ್ತು, ಅವರ ಮಗಳಿಗೆ. ಇಪ್ಪತ್ತಾರು ವರ್ಷದವಳು. ಎರಡು ವರ್ಷದಿಂದ ಕಣಜದ ಟಿಕೆಟ್ ಕಿಟಕಿಯಲ್ಲಿ ತಾತ್ಕಾಲಿಕ ಕೆಲಸ, ಬಾಗಿಲ ಬೀಗದ ಕೈಯೂ ಅವಳದೇ ಸೊಂಟದಲ್ಲಿ. ಆ ವರ್ಷವೇ ಕಾಯಂ ಆಗುವ ಮಾತಿತ್ತು. ತಂಡ ಇಳಿಯುವ ಮೊದಲು ಅವಳು ಕಿಟಕಿಯಿಂದಲೇ ಕೂಗಿ ಹೇಳುವಳು: "ಅಪ್ಪಾ, ಲಾಭ ಸೇರಿ ಹದಿನೆಂಟು!" ಅಂದರೆ ಟಿಕೆಟು ಹದಿನೇಳು, ಅಪ್ಪ ಒಬ್ಬರು. ಹೊರಬಂದಾಗ ಹದಿನೆಂಟು ಬಂದರೆ ಎಲ್ಲರೂ ಬಂದ ಹಾಗೆ. ಚಿಕ್ಕವಳಿದ್ದಾಗ ಮೂವರೂ ಬಸ್ಸಿನಿಂದ ಇಳಿದರೆ ಅಪ್ಪ ಎದೆ ಮುಟ್ಟಿಕೊಂಡು 'ಲಾಭ', ಅಮ್ಮನಿಗೆ 'ಎರಡು', ತನಗೆ 'ಮೂರು' ಎಂದು ಎಣಿಸುವುದನ್ನು ನೋಡುತ್ತಲೇ ಬೆಳೆದವಳು ಅವಳು. ಬೇರೆಯವರಿಗೆ ಅದೊಂದು ತಮಾಷೆಯ ಪದ, ಅವರಿಬ್ಬರಿಗೆ ಅದು ದಿನದ ಕೆಲಸ.

ಆ ಸೋಮವಾರ ಮಧ್ಯಾಹ್ನ ಮೂರೂವರೆಗೆ ಕಚೇರಿಯ ಜವಾನ ಒಂದು ಕಟ್ಟು ಅಚ್ಚಾದ ಚೀಟಿ ತಂದುಕೊಟ್ಟ. ಕೋಟೆಗೆ ಹೊಸದಾಗಿ ಬಂದಿದ್ದ ಸಾಹೇಬರಿಗೆ ಕೂಗಾಟ ಹಿಡಿಸುತ್ತಿರಲಿಲ್ಲ. ಇನ್ನು ಮೇಲೆ ಪ್ರತಿ ತಂಡಕ್ಕೂ ಟಿಕೆಟ್ ಎಷ್ಟು ಎಂದು ಚೀಟಿಯಲ್ಲಿ ಬರೆದು ಗೈಡಿನ ಕೈಗೆ ಕೊಡಬೇಕು, ಸಂಜೆ ಚೀಟಿಗೂ ಟಿಕೆಟ್ ಪುಸ್ತಕಕ್ಕೂ ತಾಳೆಯಾಗಬೇಕು ಎಂದು ಹುಕುಂ. ನಾಲ್ಕು ಗಂಟೆಯ ಕೊನೆಯ ತಂಡಕ್ಕೆ ಮಗಳು ಮೊದಲ ಚೀಟಿ ಬರೆದಳು. ಟಿಕೆಟು ಇಪ್ಪತ್ತಮೂರು, ಹಾಗಾಗಿ ಚೀಟಿಯಲ್ಲೂ ಇಪ್ಪತ್ತಮೂರು. ಅವಳು ಕೂಗಲಿಲ್ಲ, ಚೀಟಿ ಕೊಟ್ಟಳು. ಮೇಷ್ಟ್ರು ನೋಡಿ, ಮಡಿಸಿ, ಜೇಬಿಗೆ ಹಾಕಿಕೊಂಡರು.

ಆ ತಂಡದಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಬಂದಿದ್ದಳು. ಅರವತ್ತರ ಹತ್ತಿರದವಳು, ದರ್ಜಿ ಕೆಲಸದವಳು. ಅದು ಮೇಷ್ಟ್ರಿಗೆ ಗೊತ್ತಾದದ್ದು ಫಿರಂಗಿಯ ಹತ್ತಿರ. ಅವಳು ಅವರ ಅಂಗಿಯ ತೋಳನ್ನು ನೋಡಿ, "ಈ ಕೈ ಹೊಲಿದೋರು ಯಾರ್ರೀ? ಒಂದು ಬೆರಳು ಉದ್ದ ಇಟ್ಟಿದಾರೆ" ಅಂದಿದ್ದಳು. ಮೇಷ್ಟ್ರಿಗೆ ಅವಳು ಹಿಡಿಸಿದಳು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅಂಗಡಿಗೆ ಒಂದು ವಾರ ಬೀಗ ಹಾಕಿ ಊರು ನೋಡಲು ಹೊರಟಿದ್ದೇನೆ, ಹೇಳುವವರಿಲ್ಲ ಕೇಳುವವರಿಲ್ಲ ಎಂದು ಅವಳು ಖುಷಿಯಲ್ಲಿ ಹೇಳಿದ್ದಳು. ಒನಕೆಯ ಕತೆಗೆ ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ.

ಕಣಜದ ತಳದಲ್ಲಿ ಮೇಷ್ಟ್ರದೊಂದು ಪ್ರಸಿದ್ಧ ಆಟವಿತ್ತು. ಎಲ್ಲರನ್ನೂ ಕಂಬಗಳ ನಡುವೆ ನಿಲ್ಲಿಸಿ, 'ಈಗ ನಿಜವಾದ ಕತ್ತಲೆ ಅಂದ್ರೆ ಏನು ಅಂತ ತೋರಿಸ್ತೀನಿ' ಎಂದು ಟಾರ್ಚು ಆರಿಸುತ್ತಿದ್ದರು. ಒಂದು ನಿಮಿಷ. ತಮ್ಮ ಕೈ ತಮಗೇ ಕಾಣದ ಕತ್ತಲೆ. ಯಾರಾದರೊಬ್ಬರು ಕಿರುಚುತ್ತಿದ್ದರು, ಉಳಿದವರು ನಗುತ್ತಿದ್ದರು, ಹುಡುಗರು ಬೇಕೆಂದೇ ಊಳಿಡುತ್ತಿದ್ದರು. ಬಂದವರು ಊರಿಗೆ ಹೋಗಿ ಹೇಳುತ್ತಿದ್ದದ್ದು ಆ ಒಂದು ನಿಮಿಷದ ವಿಷಯವನ್ನೇ. ಆ ಸೋಮವಾರವೂ ಕಿರುಚಿದರು, ನಕ್ಕರು. ಟಾರ್ಚು ಹೊತ್ತಿದ ಮೇಲೆ ಯಥಾಪ್ರಕಾರ ಎಲ್ಲರಿಗೂ ಮೇಲೆ ಹೋಗುವ ಅವಸರ.

ಮೇಷ್ಟ್ರು ಎಲ್ಲರಿಗಿಂತ ಮುಂದೆ ಹತ್ತಿ ಬಾಗಿಲಲ್ಲಿ ನಿಂತರು. ಬಿಲ್ಲೆ ಮುಟ್ಟಿಕೊಂಡು "ಲಾಭ" ಅಂದರು. ಎರಡು, ಮೂರು, ನಾಲ್ಕು. ಕೊನೆಗೆ ಏದುಸಿರು ಬಿಡುತ್ತಾ ಬಂದ ದಪ್ಪ ಮನುಷ್ಯನ ಬೆನ್ನು ತಟ್ಟಿ "ಇಪ್ಪತ್ಮೂರು" ಅಂದರು. ಜೇಬಿನಿಂದ ಚೀಟಿ ತೆಗೆದು ನೋಡಿದರು. ಇಪ್ಪತ್ತಮೂರು. ಸಾಹೇಬರ ಹೊಸ ಪದ್ಧತಿ ಪರವಾಗಿಲ್ಲ ಅನ್ನಿಸಿತು.

ಮಗಳು ಬೀಗ ಹಿಡಿದು ಬಂದಳು. ಹದಿನೈದು ದಿನದ ಹಿಂದೆ ಅದೇ ಮೆಟ್ಟಿಲಲ್ಲಿ ಜಾರಿ ಮಂಡಿ ಪೆಟ್ಟು ಮಾಡಿಕೊಂಡಿದ್ದಳು, ಇನ್ನೂ ಕುಂಟುತ್ತಿದ್ದಳು. ಬೀಗ ಹಾಕುವ ಮೊದಲು ಕೀಲಿ ಇಟ್ಟುಕೊಂಡವರು ಖುದ್ದಾಗಿ ಇಳಿದು ನೋಡಬೇಕು ಎಂಬುದು ಏಳನೇ ನಂಬರಿನ ನಿಯಮ. ಆ ನಿಯಮ ಬಾಗಿಲ ಪಕ್ಕದ ಗೋಡೆಯ ಮೇಲೇ ಇತ್ತು.

"ಅಪ್ಪ, ಒಂದ್ಸಲ ಇಳಿದು ನೋಡ್ಕೊಂಡು ಬಂದ್ಬಿಡ್ತೀನಿ."

"ಆ ಮಂಡಿ ಇಟ್ಕೊಂಡು ಎಪ್ಪತ್ತೆರಡು ಮೆಟ್ಲು ಇಳೀತೀಯಾ? ನಾಳೆ ಎದ್ದು ನಿಲ್ಲೋಕಾಗಲ್ಲ ಅಂತ ಅಮ್ಮನ ಹತ್ರ ಗೋಳಾಡ್ತೀಯ. ಲೆಕ್ಕ ಕೂಡಿದೆಯಲ್ಲ. ಹಾಕು ಬೀಗ."

ಮೇಷ್ಟ್ರು ತಾವೇ ಇಳಿಯಬಹುದಿತ್ತು. ಆದರೆ ಅವರಿಗೆ ಆ ದಿನ ಅದು ಐದನೇ ಇಳಿತ, ಕಾಲು ಸೋತಿತ್ತು. ಮಗಳು ಬೀಗ ಹಾಕಿದಳು. ಮರುದಿನ ಮಂಗಳವಾರ, ಕೋಟೆಗೆ ವಾರದ ರಜೆ. ಇಬ್ಬರೂ ಮನೆಗೆ ಹೋದರು. ಮಂಗಳವಾರ ಮೇಷ್ಟ್ರು ಟೋಪಿ ಒಗೆದು ಒಣಹಾಕಿದರು, ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದರು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದವಳು ಮಗಳು. ದರ್ಜಿ ಹೆಂಗಸು ಮೇಲಿನಿಂದ ಹನ್ನೊಂದನೇ ಮೆಟ್ಟಿಲ ಮೇಲೆ ಮುಖ ಅಡಿಯಾಗಿ ಬಿದ್ದಿದ್ದಳು. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದು ಕಾಲು ತೊಡೆಯವರೆಗೆ ಊದಿ ಕಪ್ಪಾಗಿತ್ತು. ಆ ಕತ್ತಲೆಯ ನಿಮಿಷದಲ್ಲಿ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಸರಿಯುತ್ತಾ ಹೋಗಿ, ಪಕ್ಕದ ಕೋಣೆಯ ಕುಳಿಗೆ ಬಿದ್ದಿದ್ದಳು. ಅವಳು ಕೂಗಿದ್ದರೂ ಆ ನಗುವಿನಲ್ಲಿ, ಊಳಿನಲ್ಲಿ ಅದೂ ಒಂದು ತಮಾಷೆಯಾಗಿ ಹೋಗಿರಬೇಕು. ಮುರಿದ ಕಾಲಿನಲ್ಲಿ ಆಳೆತ್ತರದ ಕುಳಿಯನ್ನು ಹೇಗೋ ಹತ್ತಿ, ಕತ್ತಲೆಯಲ್ಲಿ ತಡವರಿಸಿ, ಅರವತ್ತೊಂದು ಮೆಟ್ಟಿಲು ತೆವಳಿಕೊಂಡು ಬಂದಿದ್ದಳು. ಜೀವ ಹೋದದ್ದು ಮಂಗಳವಾರ ಸಂಜೆ ಎಂದು ಡಾಕ್ಟರು ಹೇಳಿದರು. ಅಂದರೆ ಮೇಷ್ಟ್ರು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಮೇಲೆ. ಕೈಚೀಲದಲ್ಲಿ ಒಂದು ಅಳತೆಪಟ್ಟಿ, ಗುರುತು ಹಾಕುವ ಸೀಮೆಸುಣ್ಣ, ಖಾಲಿ ನೀರಿನ ಬಾಟಲಿ, ಅರ್ಧ ಹರಿದ ಟಿಕೆಟು ಇದ್ದವು. ಊರು ನೋಡಲು ಹೋದವಳು ಇನ್ನೂ ಎಲ್ಲೋ ನೋಡುತ್ತಿದ್ದಾಳೆ ಎಂದುಕೊಂಡು ಅವಳನ್ನು ಯಾರೂ ಹುಡುಕಿರಲಿಲ್ಲ.

ಹೆಣ ಒಯ್ಯಲು ಅವಳ ತಂಗಿ ಬಂದಳು. ಅವಳು ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಬಾಗಿಲ ದಪ್ಪವನ್ನು ಕೈಯಿಂದ ಅಳೆದು ನೋಡಿ, "ಕೂಗಿರ್ತಾಳಲ್ಲ? ಒಂದು ರಾತ್ರಿ, ಒಂದು ಹಗಲು ಕೂಗಿರ್ತಾಳೆ" ಅಂದಳು. 

ಅವರಿಗೆ ತಪ್ಪು ಗೊತ್ತಾದದ್ದು ಆ ಬುಧವಾರವೇ, ಬಾಗಿಲ ಬಳಿ ನಿಂತು ಚೀಟಿಯನ್ನು ಮತ್ತೊಮ್ಮೆ ಬಿಡಿಸಿದಾಗ. ಮಗಳ ದುಂಡನೆಯ ಅಕ್ಷರದಲ್ಲಿ ಇಪ್ಪತ್ತಮೂರು. ಅದು ಟಿಕೆಟಿನ ಲೆಕ್ಕ, ಅದರಲ್ಲಿ ತಾವಿಲ್ಲ. ತಾವು ಬಾಯಲ್ಲಿ ಎಣಿಸಿದ ಇಪ್ಪತ್ತಮೂರರಲ್ಲಿ ತಾವೂ ಇದ್ದರು. ಅಂದರೆ ಹೊರಬಂದ ಪ್ರವಾಸಿಗರು ಇಪ್ಪತ್ತೆರಡೇ. ಅವರು ಗೋಡೆಗೆ ಒರಗಿಕೊಂಡರು. ಹತ್ತಿರವಿದ್ದವರು ಪಾಪ, ಹೆಣ ನೋಡಿ ತಲೆ ಸುತ್ತಿದೆ ಎಂದು ನೀರು ಕೊಟ್ಟರು.

ಶುಕ್ರವಾರ ಸಾಹೇಬರ ಕೋಣೆಯಲ್ಲಿ ವಿಚಾರಣೆ. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಕ್ಯಾಲೆಂಡರು, ಮೇಲೆ ಆ ಚೀಟಿ. ಗುಮಾಸ್ತ ಬರೆದುಕೊಳ್ಳಲು ಕೂತಿದ್ದ. ಸಾಹೇಬರು ಕೆಟ್ಟವರಲ್ಲ, ಎರಡು ರಾತ್ರಿ ನಿದ್ದೆ ಕಾಣದ ಕಣ್ಣು ಅವರದು. ಆದರೆ ತಮ್ಮ ಚೀಟಿ ಸರಿಯಾಗಿದೆ ಎಂಬ ಒಂದೇ ಸಮಾಧಾನವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಟಿಕೆಟ್ ಎಷ್ಟಮ್ಮ?"

"ಇಪ್ಪತ್ಮೂರು ಸಾರ್."

"ಚೀಟಿ?"

"ಇಪ್ಪತ್ಮೂರು."

"ಮೇಷ್ಟ್ರೇ, ಹೊರಗೆ ಬರುವಾಗ ನೀವು ಎಣಿಸಿದ್ದು?"

"ಇಪ್ಪತ್ಮೂರು" ಅಂದರು ಮೇಷ್ಟ್ರು. ಅದು ಸುಳ್ಳಲ್ಲ.

ಸಾಹೇಬರು ಪೆನ್ನಿನ ತುದಿಯಿಂದ ಗಾಜನ್ನು ಕುಟ್ಟಿದರು. "ಅಂದ್ರೆ ಹೊರಗೆ ಬಂದೋರು ಇಪ್ಪತ್ಮೂರು, ಒಳಗೆ ಉಳಿದೋಳು ಒಬ್ಬಳು. ಒಳಗೆ ಹೋದೋರು ಇಪ್ಪತ್ನಾಲ್ಕು ಆಯ್ತು. ಟಿಕೆಟ್ ಇಲ್ದೆ ಯಾರನ್ನೋ ಒಬ್ಬರನ್ನ ಒಳಗೆ ಬಿಟ್ಟಿದೀಯಮ್ಮ ನೀನು. ಅದಕ್ಕೇ ಲೆಕ್ಕ ತಪ್ಪಿದೆ. ಅದು ಸಾಲದು ಅಂತ ಇಳಿದೂ ನೋಡಿಲ್ಲ."

ಮಗಳು ಬೆಚ್ಚಿಬಿದ್ದು, "ಇಲ್ಲ ಸಾರ್, ಯಾರನ್ನೂ ಬಿಟ್ಟಿಲ್ಲ" ಅಂದಳು. ಅಷ್ಟು ಹೇಳಿ ಅಪ್ಪನ ಕಡೆ ತಿರುಗಿದಳು. ಅವಳ ಮುಖದಲ್ಲಿ ಲೆಕ್ಕ ನಡೆಯುತ್ತಿದ್ದದ್ದು ಮೇಷ್ಟ್ರಿಗೆ ಕಂಡಿತು. ಅದು ಮುಗಿದದ್ದೂ ಕಂಡಿತು. ಆಮೇಲೆ ಅವಳು ಸುಮ್ಮನೆ ಕಾದಳು. ಏನೂ ಬೇಡಲಿಲ್ಲ, ಕಣ್ಣಲ್ಲಿ ನೀರಿರಲಿಲ್ಲ, ಸುಮ್ಮನೆ ಕಾದಳು.

ಒಂದೇ ಒಂದು ಪದ ಸಾಕಿತ್ತು. ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಅದು ಇತ್ತು. ಹೇಳಿದರೆ ಎದೆಯ ಬಿಲ್ಲೆ ಹೋಗುತ್ತದೆ. ಐವತ್ತೆಂಟು ವರ್ಷಕ್ಕೆ, ಬಿಲ್ಲೆ ಇಲ್ಲದೆ, ಆ ಊರಿನಲ್ಲಿ ತಾನು ಯಾರು? ಹೆಂಗಸನ್ನು ಕೊಂದವನು ಎಂದು ಬೆರಳು ತೋರಿಸುತ್ತಾರೆ. ಇವಳು ಚಿಕ್ಕವಳು, ಇವಳಿಗೊಂದು ಮೆಮೋ ಕೊಡುತ್ತಾರೆ, ಹೆಚ್ಚೆಂದರೆ ಗೋಪುರದ ಟಿಕೆಟ್ ಕಿಟಕಿಗೆ ಹಾಕುತ್ತಾರೆ. ಗಲಾಟೆ ತಣ್ಣಗಾದ ಮೇಲೆ, ನಾಳೆಯೋ ನಾಡಿದ್ದೋ, ಸಾಹೇಬರನ್ನು ಒಬ್ಬರನ್ನೇ ಕಂಡು ಹೇಳಿದರಾಯಿತು. ಮೇಷ್ಟ್ರು ಗಾಜಿನ ಕೆಳಗಿನ ಕ್ಯಾಲೆಂಡರು ನೋಡುತ್ತಾ ಕೂತರು. ಬೀಗ ಹಾಕು ಅಂದದ್ದು ಅಪ್ಪ ಎಂದು ಮಗಳೂ ಹೇಳಲಿಲ್ಲ. ಗುಮಾಸ್ತ ಬರೆದದ್ದಕ್ಕೆ ಇಬ್ಬರೂ ಸಹಿ ಹಾಕಿದರು.

ಆ ಸಂಜೆ ಮನೆಯಲ್ಲಿ ಅಮ್ಮ ಅಡುಗೆಮನೆಯಲ್ಲಿದ್ದಾಗ ಮಗಳು ಬಂದು ಅಪ್ಪನ ಎದುರಿಗೆ ಕೂತಳು.

"ಅಪ್ಪ, ಅವತ್ತು ಲಾಭ ಸೇರಿಸ್ಕೊಂಡು ಎಣಿಸಿದ್ಯಾ?"

"ನೆನಪಿಲ್ಲಮ್ಮ" ಅಂದರು ಮೇಷ್ಟ್ರು.

ಮೂವತ್ತೊಂದು ವರ್ಷ ಸುಳ್ಳಿಗೆ ಕೈಕಾಲು ಮೂಗು ಮೂತಿ ಎಲ್ಲ ಇಟ್ಟು ಹೇಳಿದ ಮನುಷ್ಯ, ಮಗಳ ಎದುರು ಇಷ್ಟು ಬೋಳು ಸುಳ್ಳು ಹೇಳಿದರು. ಅವಳು ಸರಿ ಎಂಬಂತೆ ತಲೆಯಾಡಿಸಿ, ಮಂಡಿಗೆ ಕೈಕೊಟ್ಟು ಎದ್ದು ಹೋದಳು. ಆ ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲ.

ಮೆಮೋ ಬರಲಿಲ್ಲ. ಅದರ ಬದಲು ಕೆಲಸದಿಂದ ತೆಗೆದ ಪತ್ರ ಬಂತು. ಅದರ ಹಿಂದೆ ಪೊಲೀಸರು ಬಂದರು. ಅಜಾಗರೂಕತೆಯಿಂದ ಸಾವಿಗೆ ಕಾರಣಳಾದಳು ಎಂದು ಕೇಸಾಯಿತು. ಊರಿನ ಜನ ಮೊದಮೊದಲು ಮನೆಗೆ ಬಂದು ಅಯ್ಯೋ ಅಂದರು, ಆಮೇಲೆ ದಾರಿಯಲ್ಲಿ ಸಿಕ್ಕರೆ ತಲೆ ಬಗ್ಗಿಸಿದರು. ಟಿಕೆಟ್ ಇಲ್ಲದೆ ಒಳಗೆ ಹೋದವನು ಯಾರೋ ಅವಳ ಗೆಳೆಯ ಇರಬೇಕು ಎಂಬ ಸುದ್ದಿಯೂ ಹುಟ್ಟಿತು. ಅದಕ್ಕೆ ಮಾತ್ರ ಯಾರೂ 'ಮೇಷ್ಟ್ರ ಅಂಗಡಿ ಮಾಲು' ಅನ್ನಲಿಲ್ಲ, ತಕ್ಷಣ ನಂಬಿದರು. ಮಗಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಅಮ್ಮನಿಗೆ ಮೊದಲೇ ಉಬ್ಬಸ, ಈಗ ಹಾಸಿಗೆ ಹಿಡಿದಳು. ಮೇಷ್ಟ್ರು ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡಬೇಕು ಎಂದುಕೊಂಡು ಎದ್ದು, ಬಿಲ್ಲೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಮೂರು ತಿಂಗಳ ಮೇಲೆ ಕಣಜ ಮತ್ತೆ ತೆರೆಯಿತು. ಕುಳಿಗೆ ಕಬ್ಬಿಣದ ಜಾಲರಿ ಹಾಕಿದ್ದರು, ಒಳಗೆಲ್ಲ ದೀಪ ಹಾಕಿದ್ದರು, ಕತ್ತಲೆಯ ಆಟ ನಿಂತಿತು. ಜನ ಕಮ್ಮಿಯಾಗುತ್ತಾರೆ ಎಂದುಕೊಂಡಿದ್ದರೆ ಇಮ್ಮಡಿಯಾದರು. ಫಿರಂಗಿಯನ್ನೂ ಗೋಪುರವನ್ನೂ ದಾಟಿಕೊಂಡು ಎಲ್ಲರೂ ನೇರವಾಗಿ ಅಲ್ಲಿಗೇ ಬರುತ್ತಿದ್ದರು. "ಆ ಹೆಂಗಸು ಸತ್ತಿದ್ದು ಯಾವ ಮೆಟ್ಲು?" ಎಂದು ಕೇಳುತ್ತಿದ್ದರು. ಮೇಷ್ಟ್ರು ಮೇಲಿನಿಂದ ಹನ್ನೊಂದು ಎಣಿಸಿ ತೋರಿಸುತ್ತಿದ್ದರು. ಈ ಒಂದು ಕತೆಗೆ ಅವರು ಏನನ್ನೂ ಸೇರಿಸಬೇಕಾಗಿರಲಿಲ್ಲ, ಬಂದವರೇ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಇನ್ನೂ ಐದು ತಿಂಗಳು ಹೀಗೇ ಕಳೆದ ಮೇಲೆ ಒಂದು ದಿನ ಸಂಸಾರ ಸಮೇತ ಬಂದಿದ್ದ ಒಬ್ಬ ಗೃಹಸ್ಥರು ಕೇಳಿದರು: "ಬೀಗ ಹಾಕಿದೋಳಿಗೆ ಏನಾಯ್ತು?"

"ಕೇಸು ನಡೀತಿದೆ ಸಾರ್."

"ಅಂಥೋಳನ್ನ ಒಳಗೇ ಕೂಡಿ ಬೀಗ ಹಾಕ್ಬೇಕು. ಆಗ ಗೊತ್ತಾಗುತ್ತೆ."

"ಹೌದು ಸಾರ್" ಅಂದರು ಮೇಷ್ಟ್ರು.

ಗಿರಾಕಿ ಏನಂದರೂ ಹೌದು ಅನ್ನುವುದು ಅವರ ಬಾಯಿಗೆ ಅಭ್ಯಾಸ. ಮಾತು ಹೊರಬಿದ್ದ ಮೇಲೆ ಅವರಿಗೆ ಅದು ಕೇಳಿಸಿತು. ಅಲ್ಲೇ ಹನ್ನೊಂದನೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ತಂಡ ಅವರನ್ನು ದಾಟಿಕೊಂಡು ತಾನೇ ಕೆಳಗೆ ಇಳಿದುಹೋಯಿತು. ಕೂತಲ್ಲಿಂದ ಮೇಲೆ ನೋಡಿದರೆ ಬಾಗಿಲ ಬೆಳಕು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಬಾಗಿಲು ಮುಚ್ಚಿದ್ದರೆ ಅದೂ ಇಲ್ಲ. ಅವರು ಟೋಪಿಯನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಅದೇ ಸಂಜೆ ಮಗಳ ಕೇಸಿನ ವಕೀಲರ ಮನೆಗೆ ಹೋದರು.

ವಕೀಲರು ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, "ಇದನ್ನ ಎಂಟು ತಿಂಗಳ ಹಿಂದೆ ಯಾಕೆ ಹೇಳ್ಲಿಲ್ಲ?" ಅಂದರು.

"ಹೆದರಿಕೆ ಆಯ್ತು" ಅಂದರು ಮೇಷ್ಟ್ರು. ಅಷ್ಟು ನೇರವಾದ ಮಾತನ್ನು ಅವರು ಯಾವತ್ತೂ ಆಡಿರಲಿಲ್ಲ.

ಕೋರ್ಟಿನ ದಿನ ಮೇಷ್ಟ್ರು ಬಿಲ್ಲೆ ಹಾಕಿಕೊಂಡು ಹೋಗಲಿಲ್ಲ. ಕಟಕಟೆ ಹತ್ತಿ ಎಲ್ಲವನ್ನೂ ಹೇಳಿದರು. ಅಜ್ಜನ ಕಾಳಿನ ಅಳತೆ, ಲಾಭ ಅನ್ನುವ ಪದ, ಕೂಗುವುದು ನಿಂತು ಚೀಟಿ ಬಂದದ್ದು, ಬೀಗ ಹಾಕು ಅಂದದ್ದು. ಟಿಕೆಟ್ ಇಲ್ಲದೆ ಯಾರೂ ಒಳಗೆ ಹೋಗಿರಲಿಲ್ಲ, ಆ ಹೆಚ್ಚಿನ ಒಬ್ಬ ನಾನೇ ಅಂದರು. ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಸರ್ಕಾರಿ ವಕೀಲರು ಎದ್ದರು. ಅವರು ಅದೇ ಊರಿನವರು. ಶುಕ್ರವಾರದ ಹೇಳಿಕೆಯನ್ನು ಓದಿದರು, ಕೆಳಗಿನ ಸಹಿ ತೋರಿಸಿ ನಿಮ್ಮದೇ ತಾನೇ ಎಂದು ಕೇಳಿದರು. ಆಮೇಲೆ ಮೆಲ್ಲಗೆ, "ಮೇಷ್ಟ್ರೇ, ಫಿರಂಗಿ ಮೂತಿ ಮುರಿದಿದ್ದು ಯಾರು?" ಅಂದರು. ಹಿಂದಿನ ಬೆಂಚುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಗೋಪುರ ಯಾರನ್ನ ನೋಡೋಕೆ ವಾಲ್ತು?" ನಗು ಹಬ್ಬಿತು. "ಈಗ ಒಂದು ಅನ್ನೋ ಬದಲು ಲಾಭ ಅಂದ್ರಿ ಅಂತೀರಿ. ಯಾರ ಲಾಭಕ್ಕೆ ಮೇಷ್ಟ್ರೇ? ಮಗಳ ಲಾಭಕ್ಕಾ?"

ನ್ಯಾಯಾಧೀಶರು ಮೇಜು ಕುಟ್ಟಿ ನಗು ನಿಲ್ಲಿಸಿದರು. ಅವರು ನಗಲಿಲ್ಲ. ಮಗಳ ಕಡೆ ತಿರುಗಿ ಕೇಳಿದರು: "ನಿಮ್ಮ ತಂದೆ ಹೇಳ್ತಿರೋದು ನಿಜಾನಾ ಅಮ್ಮ? ಅವರು ತಮ್ಮನ್ನೂ ಸೇರಿಸಿಕೊಂಡು ಎಣಿಸ್ತಿದ್ರಾ? ಬೀಗ ಹಾಕು ಅಂದಿದ್ದು ಅವರೇನಾ? ಯೋಚನೆ ಮಾಡಿ ಹೇಳಿ."

ಈಗ ಕಾಯುವ ಸರದಿ ಮೇಷ್ಟ್ರದು. ಹೌದು ಅಂತ ಒಂದು ಮಾತು ಹೇಳಮ್ಮ, ಹೇಳಿಬಿಡು ಎಂದು ಅವರು ಮನಸ್ಸಿನಲ್ಲೇ ಅಂಗಲಾಚಿದರು. ಮಗಳು ಅವರ ಕಡೆ ತಿರುಗಿದಳು. ಬಿಲ್ಲೆ ಇಲ್ಲದ ಅಂಗಿಯನ್ನು, ಬೆರಳುದ್ದ ಹೆಚ್ಚಾಗಿದ್ದ ತೋಳನ್ನು ನೋಡಿದಳು.

"ನಮ್ಮಪ್ಪ ಕತೆ ಹೇಳ್ತಾರೆ ಸ್ವಾಮಿ" ಅಂದಳು. "ಅದೇ ಅವರ ಕೆಲಸ."

ತೀರ್ಪಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ವರ್ಷ ಸೆರೆ. ಕೋರ್ಟಿನ ಹಿಂದಿನ ಅಂಗಳದಲ್ಲಿ ನೀಲಿ ವ್ಯಾನು ನಿಂತಿತ್ತು. ಹೆಂಗಸರ ಸಾಲು ಅದಕ್ಕೆ ಹತ್ತುವ ಮೊದಲು ಮಹಿಳಾ ಪೇದೆ ಮೇಷ್ಟ್ರಿಗೆ ಎರಡು ನಿಮಿಷ ಕೊಟ್ಟಳು.

"ಯಾಕಮ್ಮ ಹಾಗಂದೆ?" ಅಂದರು ಮೇಷ್ಟ್ರು.  "ನಿಜ ಹೇಳಿದ್ನಲ್ಲಮ್ಮ ನಾನು."

"ಇವತ್ತು ಹೇಳ್ದೆ" ಅಂದಳು ಮಗಳು. "ನಾನು ಕಾದಿದ್ದು ಸಾಹೇಬರ ರೂಮಲ್ಲಿ, ಅಪ್ಪ. ಮನೇಲೂ ಒಂದ್ಸಲ ಕೇಳ್ದೆ." ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇಬ್ಬರೂ ಇಲ್ಲಿಗೆ ಬಂದ್ರೆ ಅಮ್ಮನ ಹತ್ರ ಯಾರಿರ್ತಾರೆ? ಹೋಗು. ಅವಳ ಮಾತ್ರೆ ತಪ್ಪಿಸ್ಬೇಡ. ಕಪಾಟಿನ ಎರಡನೇ ಹಲಗೆ ಮೇಲಿದೆ."

ಮಂಡಿಗೆ ಕೈಕೊಟ್ಟು ಅವಳು ವ್ಯಾನಿನ ಮೆಟ್ಟಿಲು ಹತ್ತಿದಳು. ಪೇದೆ ಪ್ರತಿಯೊಬ್ಬರ ಭುಜ ಮುಟ್ಟಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಮಗಳು ಐದನೆಯವಳು. ಪೇದೆ ತಾನೂ ಹತ್ತಿ, ಬಾಗಿಲೆಳೆದು, "ಐದು!" ಎಂದು ಮುಂದಕ್ಕೆ ಕೂಗಿದಳು.

ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ನಿನ್ನ ಸೇರಿಸಿನಾ, ಬಿಟ್ಟಾ?" ಎಂದು ಕೇಳಿದ.